ಎಟ್ನಾ ಗುಡ್ಡದ ಬಾಜೂಕ ಮನಿ ಮಾಡೋದು: ಪುಣೆ ತಮ್ಮಗ ಉತ್ತರ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಇಟಲಿಯ ಸಿಸಿಲಿ ದ್ವೀಪದ ಕತಾನಿಯಾ ಶಹರದಾಗ ಚಿಪ್ ಕೆಲಸ ಸಿಕ್ಕದ, ಸಂಬಳ ಚಲೋ ಅದ, ಆದ್ರ ನಿಮ್ಮ ಅವ್ವ ಮೊಬೈಲ್‌ದಾಗ ಅಲ್ಲೀ ಎಟ್ನಾ ಜ್ವಾಲಾಮುಖಿ ಸಿಡಿಯೋ ವಿಡಿಯೋ ನೋಡಿ ಎರಡು ಹೊತ್ತು ಊಟ ಬಿಟ್ಟಾರ, ಜ್ವಾಲಾಮುಖಿ ಹತ್ರ ಮನುಷ್ಯಾರು ಹೆಂಗ ಇರ್ತಾರ, ಸಿಡದ್ರ ಎಲ್ಲಿ ಓಡಬೇಕು, ಹೋಗ್ಲ್ಯೋ ಬ್ಯಾಡೋ ಅಂತ ಕೇಳೀದಿ. ನಾ ಅಲ್ಲಿ ಸಂಸಾರ ಹೂಡಿ ಭಾಳ ವರ್ಷ ಆತು, ಸದ್ಯ ಸೂಟಿಗೆ ಪುಣೆಗೇ ಬಂದೀನಿ, ಕೋಥ್ರೂಡ್‌ದಾಗ ಅಣ್ಣನ ಮನ್ಯಾಗ ಇದ್ದೀನಿ, ಹಂಗಾಗಿ ಆರಾಮಾಗಿ ಕೂತು ಬರೀತೀನಿ.

ಹೋಗು. ಆದ್ರ ಮನಿ ಹಿಡಿಯೂಮುಂದ ಬಾಡಿಗಿಗಿಂತ ಮೊದ್ಲ ಗಾಳಿ ಯಾವ ಕಡೆ ಬೀಸ್ತದ ಅಂತ ಕೇಳು. ಅಲ್ಲಿ ಬೆಂಕಿಗೆ ಯಾರೂ ದಿನಾ ಹೆದರಂಗಿಲ್ಲ, ಬೂದಿ ಯಾರ ಮಾಳಗಿ ಮ್ಯಾಲೆ ಬೀಳ್ತದ ಅನ್ನೋದೇ ದಿನದ ಚಿಂತಿ.

ನಿಮ್ಮ ಅವ್ವಾರು ನೋಡಿದ ವಿಡಿಯೋ 2025ರ ಜೂನ್ 2ರದು ಇರಬೇಕು. ಆವತ್ತು ಆಗ್ನೇಯ ಕ್ರೇಟರಿನ (ತುದೀಲೆ ಬೆಂಕಿ ಉಗುಳೋ ಬಾಯಿ) ಒಂದು ಬದಿ ಕುಸದು ಬಿಸಿ ಬೂದಿ ಕಲ್ಲಿನ ದೊಡ್ಡ ಮೋಡ ಗುಡ್ಡ ಇಳೀತು, ಟೂರಿಸ್ಟ್ ಮಂದಿ ಓಡಿದ್ದು ಜಗತ್ತೆಲ್ಲಾ ನೋಡಿತು. ಯಾರಿಗೂ ಏನೂ ಆಗ್ಲಿಲ್ಲ. ಅವರೆಲ್ಲಾ ಗುಡ್ಡ ಹತ್ತಿದವರು, ಊರಾಗ ಇದ್ದವರಲ್ಲ. ಎಟ್ನಾ 3,300 ಮೀಟರ್‌ಗೂ ಮ್ಯಾಲೆ ಎತ್ತರ ಅದ, ತುದಿಯಿಂದ ಕತಾನಿಯಾ ಶಹರಕ್ಕ ಸುಮಾರು 30 ಕಿಲೋಮೀಟರ್. ತುದೀಲೆ ಉಕ್ಕೋ ಲಾವಾ ಬಹಳ ಸಲ ಪೂರ್ವಕ್ಕ ಇರೋ ವಾಲ್ಲೆ ದೆಲ್ ಬೋವೆ ಅನ್ನೋ ದೊಡ್ಡ ತಗ್ಗಿಗೆ ಇಳದು ಅಲ್ಲೇ ತಣ್ಣಗಾಗ್ತದ, ಅದ್ರಾಗ ಯಾರೂ ಮನಿ ಕಟ್ಟಿಲ್ಲ.

ಹಂಗಂತ ಸುಳ್ಳು ಧೈರ್ಯ ಹೇಳಂಗಿಲ್ಲ. ಖರೇ ತ್ರಾಸು ತುದೀಲೆ ಸಿಡಿದಾಗ ಅಲ್ಲ, ಗುಡ್ಡದ ಮಗ್ಗಲು ಸೀಳಿ ಕೆಳಗ ಬಾಯಿ ಬಿಟ್ಟಾಗ. 1669ರಾಗ ನಿಕೊಲೋಸಿ ಊರಿನ ಹತ್ರ ಹಂಗ ಸೀಳಿ ಲಾವಾ ಕತಾನಿಯಾಕ್ಕ ಬಂದು ಸಮುದ್ರ ಮುಟ್ಟಿತು, ಸಮುದ್ರದ ದಂಡಿ ಮ್ಯಾಲಿದ್ದ ಊರ್ಸಿನೋ ಕೋಟೆ ಈಗ ಊರ ಒಳಗ ಅದ, ನೀ ಹೋದಾಗ ನೋಡ್ತಿ. 1928ರಾಗ ಮಾಸ್ಕಾಲಿ ಅನ್ನೋ ಊರು ಲಾವಾದಾಗ ಹೋತು. 1992ರಾಗ ಜಫೆರಾನಾ ಊರಿನ ಬಾಗಿಲಿಗೇ ಬಂದಿತ್ತು, ಮಣ್ಣಿನ ಒಡ್ಡು ಹಾಕಿ, ಮ್ಯಾಲೆ ಲಾವಾ ಹರಿಯೋ ಸುರಂಗದ ಗ್ವಾಡಿ ಸಿಡಿಸಿ ಅದರ ದಾರೀನೇ ತಿರುಗಿಸಿದ್ರು, ಊರು ಉಳೀತು. ಅಲ್ಲಿ ಲಾವಾ ಸಾವಕಾಶ ಬರ್ತದ, ಮಂದಿಗೆ ಮನಿ ಖಾಲಿ ಮಾಡ್ಲಿಕ್ಕೆ ಟೈಮ್ ಸಿಗ್ತದ. ಮನಿ ಉಳೀತದೋ ಇಲ್ಲೋ ಅದು ಬ್ಯಾರೆ ಮಾತು.

ಇನ್ನ ಸಿಡಿಯೋದು ನೋಡೋದು ಹೆಂಗಿರ್ತದ ಅಂತ ಕೇಳೀದಿ, ಇದನ್ನ ಸ್ವಲ್ಪ ಉದ್ದ ಹೇಳ್ತೀನಿ ಯಾಕಂದ್ರ ಟೀವಿದಾಗ ತೋರಿಸೋದು ಕಡೇ ಹತ್ತು ನಿಮಿಷ ಅಷ್ಟ. ಮೊದ್ಲ ಗೊತ್ತಾಗೋದು ಕಣ್ಣಿಗಲ್ಲ. ಕತಾನಿಯಾದಾಗ ಐಎನ್‌ಜಿವಿ ಅಂತ ಸರಕಾರಿ ವೀಕ್ಷಣಾಲಯ ಅದ, ಗುಡ್ಡದ ತುಂಬ ಅವರ ಮಷೀನ್ ಇಟ್ಟಾರ, ಒಳಗ ಶಿಲಾರಸ ಗ್ಯಾಸ್ ಏಳ್ಲಿಕ್ಕೆ ಹತ್ತಿದ್ರ ನೆಲದ ಸಣ್ಣ ನಡುಕ ಏರ್ತದ, ಅದರ ಗ್ರಾಫ್ ಯಾರು ಬೇಕಾದ್ರೂ ನೆಟ್‌ದಾಗ ನೋಡಬಹುದು. ಅಲ್ಲೀ ಮಂದಿ, ಕಟಿಂಗ್ ಅಂಗಡಿಯವ ಸೈತ, ಆ ಗೆರಿ ಓದ್ತಾರ. ಗೆರಿ ಏರಿತು ಅಂದ್ರ ವಾಟ್ಸಾಪ್ ಶುರು. ಮೊದ್ಲ ತುದೀಲೆ ಪಟಪಟ ಕೆಂಪು ಕಲ್ಲು ಹಾರ್ತಾವ, ಮಧ್ಯ ಮಧ್ಯ ನಿಲ್ತದ, ಆಮ್ಯಾಲೆ ನಿಲ್ಲೋದೇ ಬಿಡ್ತದ, ಒಂದು ಹೊತ್ತಿಗೆ ಬಿಡಿ ಬಿಡಿ ಸಿಡಿಯೋದು ಹೋಗಿ ಕಾರಂಜಿ ಆಗ್ತದ, ನೂರಾರು ಮೀಟರ್ ಎತ್ತರ, ರಾತ್ರಿ ಇದ್ರ ಆಕಾಶದ ಅರ್ಧಾನೂ ಕೆಂಪು. ಕಿಡಕಿ ಗಾಜು ನಡಗ್ತಾವ. ಬೆಳಕು ಮೊದ್ಲ, ಸಪ್ಪಳ ಆಮ್ಯಾಲೆ ಬರ್ತದ, 30 ಕಿಲೋಮೀಟರ್ ದಾಟಿ ಬರ್ಬೇಕಲ್ಲ, ಹಂಗಾಗಿ ಕಣ್ಣಿಗೂ ಕಿವಿಗೂ ತಾಳ ಕೂಡಂಗಿಲ್ಲ, ನೀ ಕೇಳೋ ಗುಡುಗು ಒಂದೂವರಿ ನಿಮಿಷದ ಹಿಂದಿನ ಬೆಂಕೀದು. ಎಲ್ಲಾರೂ ಮಾಳಗಿ ಮ್ಯಾಲೆ, ಕೆಲವರ ಕೈಯಾಗ ವೈನ್ ಗ್ಲಾಸ್, ಹುಡುಗ್ರು ಒದರ್ತಿರ್ತಾರ. ನನ್ನ ಬಾಜೂ ಮನಿ ಮುದುಕಿ ಮಾತ್ರ ಗುಡ್ಡದ ಕಡೆ ಒಂದು ಸಲ ನೋಡಿ, ಗಾಳಿ ನೋಡಿ, ಹಗ್ಗದ ಮ್ಯಾಲಿನ ಅರಬಿ ತಗದು ಒಳಗ ಹೋಗ್ತಾಳ. ಆಕಿನ್ನ ನೋಡಿ ಕಲಿ ಅಂತೀನಿ ನಾ.

ಬಹಳ ಸಲ ಕೆಲವು ತಾಸಿನಾಗ ಮುಗೀತದ. 2021ರ ಫೆಬ್ರವರಿಯಿಂದ ಮುಂದ ಒಂದು ವರ್ಷದಾಗ ಹಿಂಗ 50ಕ್ಕೂ ಹೆಚ್ಚು ಸಲ ಆತು, ಕಡೀಕ ಮಂದಿ ಫೋಟೋ ತಗಿಯೋದೂ ಬಿಟ್ರು.

ಮತ್ತ ಮುಂಜಾನೆ ಏಳ್ತಿ, ಬಾಲ್ಕನಿ ತುಂಬ ಕರೀ ಉಸುಕು. ಬೂದಿ ಅಂದ್ರ ನಮ್ಮ ಒಲೀ ಬೂದಿ ಅಲ್ಲ ಅದು, ಸಣ್ಣ ಸಣ್ಣ ಕಲ್ಲು ಗಾಜಿನ ಚೂರು, ಒಮ್ಮೊಮ್ಮೆ ಕಡ್ಲಿಯಷ್ಟು ದಪ್ಪ ಹರಳೂ ಬೀಳ್ತಾವ. ಕಾರಿನ ವೈಪರ್ ಹಾಕಿದಿ ಅಂದ್ರ ಗಾಜು ಗೀಚಿ ಹೋತು. ನೀರು ಹೊಡದು ತೊಳೀತೀನಿ ಅಂದ್ರ ಮೋರಿ ಕಟ್ಟಿ ಕೂಡ್ತದ, ಒದ್ದಿ ಆದ್ರ ಭಾರ ಬ್ಯಾರೆ. ಮೊದ್ಲ ಒಣಾ ಕಸಬರಗೀಲೆ ಗುಡಿಸಿ ಚೀಲ ತುಂಬಬೇಕು. ಬೂದಿ ಜಾಸ್ತಿ ಬಿದ್ರ ಮೇಯರ್ ಆದೇಶ ಬರ್ತದ, ಸ್ಕೂಟರ್ ಸೈಕಲ್ ಬಂದ್, ಕಾರು ತಾಸಿಗೆ 30 ಕಿಲೋಮೀಟರ್ ದಾಟಂಗಿಲ್ಲ, ರಸ್ತೆ ಜಾರ್ತದ ಅಂತ. ಪುಣೆ ಹುಡುಗಗ ಸ್ಕೂಟರ್ ಬಂದ್ ಅಂದ್ರ ಎಷ್ಟು ಸಂಕಟ ನನಗ ಗೊತ್ತದ. ಮೂಗಿಗೆ ಚಲೋ ಮಾಸ್ಕ್, ಕಣ್ಣಿಗೆ ಕನ್ನಡಕ ಇರ್ಲಿ, ಕಾಂಟ್ಯಾಕ್ಟ್ ಲೆನ್ಸ್ ಆ ದಿನ ಬ್ಯಾಡ. ಇಲ್ಲಿ ಎಫ್‌ಸಿ ರೋಡ್‌ದಾಗ ಹುಡುಗ್ಯಾರು ಕಣ್ಣಷ್ಟ ಬಿಟ್ಟು ಸ್ಕಾರ್ಫ್ ಸುತ್ಗೋತಾರಲ್ಲ, ಹಂಗ ಸುತ್ಗೊಂಡು ನಾ ಅಲ್ಲಿ ಕಾಯಿಪಲ್ಲೆ ತರ್ಲಿಕ್ಕೆ ಹೋದ್ರ ಎಲ್ಲಾರೂ ತಿರುಗಿ ನೋಡ್ತಾರ.

ಅದಕ್ಕ ಗಾಳಿ ಅಂದೆ. ಅಲ್ಲಿ ಮ್ಯಾಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸ್ತದ, ಹಂಗಾಗಿ ಪೂರ್ವದ ಜಫೆರಾನಾ, ಮೀಲೋ, ಜಾರ್ರೆ ಕಡೆ ಬೂದಿ ಪದೇ ಪದೇ. ಆ ಊರು ಭಾಳ ಚಂದ ಅವ, ಬಾಡಿಗಿನೂ ಕಡಿಮಿ, ಫೋಟೋ ನೋಡಿ ಮರುಳಾಗಬ್ಯಾಡ. ಶಹರದಾಗ ಇರು, ಮಾಳಗಿ ಮತ್ತ ಮಳಿ ನೀರು ಹರಿಯೋ ದೋಣಿ ಯಾರು ಸ್ವಚ್ಛ ಮಾಡ್ಬೇಕು ಅಂತ ಮಾಲಕನ ಕಡೆ ಕಾಗದದ ಮ್ಯಾಲೆ ಬರಿಸ್ಕೋ. ಇನ್ನೊಂದು, ಗುಡ್ಡದ ಮಗ್ಗಲಿಗೆ ಭೂಕಂಪದ ಕಾಟ ಅದ, 2018ರ ಡಿಸೆಂಬರ್ 26ಕ್ಕ 4.9ರದು ಆತು, ಅಂಕಿ ಸಣ್ಣದು ಆದ್ರ ಆಳ ಇಲ್ಲದ್ದು, ಹಂಗಾಗಿ ನೆಲ ಜೋರ್ ನಡುಗಿ ಫ್ಲೇರಿ ಊರಿನ ಕಡೆ ಮನಿ ಬಿದ್ದವು. ನನ್ನ ಕೇಳಿದ್ರ ಬೆಂಕಿಗಿಂತ ಇದಕ್ಕ ಹೆಚ್ಚು ಅಂಜಬೇಕು, ಹಳೇ ಕಲ್ಲಿನ ಮನಿ ಹಿಡಿಯೂಮುಂದ ವಿಚಾರ ಮಾಡು.

ಅವ್ವಾರಿಗೆ ಒಂದು ಮಾತು ಹೇಳು. ಅವರ ತವರು ವಿಜಾಪುರ ಅಲ್ಲೇನು? ಗೋಳಗುಮ್ಮಟದ ಕರೀ ಕಲ್ಲು, ಅವರಪ್ಪಾರು ಜ್ವಾಳ ಬಿತ್ತಿದ ಎರಿ ಹೊಲ, ಪುಣೆದಾಗ ನೀವು ಹತ್ತೋ ಸಿಂಹಗಡ, ಎಲ್ಲಾ ಲಾವಾನೇ. ಸುಮಾರು 6.6 ಕೋಟಿ ವರ್ಷದ ಹಿಂದ ಪದರ ಮ್ಯಾಲೆ ಪದರ ಹರದು ಬಂದದ್ದು, ಖಂಡಾಳಾ ಘಾಟ್‌ದಾಗ ಮೆಟ್ಟಲಾ ಮೆಟ್ಟಲಾ ಕಾಣ್ತದಲ್ಲ ಅದೇ. ಜಂಗಲಿ ಮಹಾರಾಜ್ ರೋಡಿನ ಪಾತಾಳೇಶ್ವರ ಗುಡಿ ನಮ್ಮ ರಾಷ್ಟ್ರಕೂಟರ ಕಾಲದಾಗ ಇದೇ ಕಲ್ಲಿನಾಗ ಕಡದದ್ದು. ಕತಾನಿಯಾದ ನಡು ಚೌಕದಾಗೂ ಲಾವಾ ಕಲ್ಲಿನ ಆನಿ ಅದ, ಊರಿನ ಗುರುತೇ ಅದು, ಫೋಟೋ ತೋರಿಸು, ಗಣಪತಿ ಊರಿನ ಅವ್ವಾರಿಗೆ ಅಷ್ಟ ಸಾಕು ಅನಸ್ತದ. ಫರಕು ಇಷ್ಟ, ನಮ್ಮದು ತಣ್ಣಗಾಗ್ಯದ, ಅವರದು ಇನ್ನೂ ಬಿಸಿ. ಆ ಮಣ್ಣಿನಾಗೂ ಬೆಳಿ ಭಾರೀ ಬರ್ತದ, ಬ್ರೋಂತೆ ಊರಿನ ಪಿಸ್ತಾ, ದ್ರಾಕ್ಷಿ, ಬೂದಿ ಬೈಕೋತನೇ ರೈತರು ಅಲ್ಲಿ ಬಿಟ್ಟು ಹೋಗಂಗಿಲ್ಲ.

ಊಟದ ಚಿಂತಿ ಬ್ಯಾಡ, ಬದನಿಕಾಯಿ ಇಲ್ಲದ ದಿನಾನೇ ಇಲ್ಲ, ಪಾಸ್ತಾ ಅಲ್ಲಾ ನೋರ್ಮಾ ಅಂತ ಅದೂ ಬದನಿಕಾಯೀದೇ, ಎಣ್ಣಿಗಾಯಿ ತಿಂದ ನಾಲಿಗಿಗೆ ಹಿಡಸ್ತದ. ಶೇಂಗಾ ಹಿಂಡಿ ಮಾತ್ರ ಇಲ್ಲಿಂದ ಒಯ್ಯಿ. ಕಾಗದ ಪತ್ರದ ಬಗ್ಗೆ: ಇಳಿದ 8 ಕೆಲಸದ ದಿನದ ಒಳಗ ಪೆರ್ಮೆಸ್ಸೋ ದಿ ಸೊಜೋರ್ನೋ (ಅಲ್ಲಿ ಇರ್ಲಿಕ್ಕೆ ಪರವಾನಗಿ) ಅರ್ಜಿ ಹಾಕಬೇಕು, ಕೋಡೀಚೆ ಫಿಸ್ಕಾಲೆ (ತೆರಿಗಿ ನಂಬರ್) ಇಲ್ಲದ ಮನಿ ಬಾಡಿಗಿ, ಸಿಮ್ ಎಲ್ಲಾ ತಕರಾರು, ಅದನ್ನ ಮೊದ್ಲ ಮಾಡಿಸು. ಇಟಾಲಿಯನ್ ಈಗಿಂದ್ಲೇ ಕಲಿ, ಆಫೀಸಿನಾಗ ಇಂಗ್ಲಿಷ್ ನಡೀತದ, ನಳ ಸೋರಿದ್ರ ನಡೆಯಂಗಿಲ್ಲ.

ಕ್ರೇಟರ್ ನೋಡೋ ಆಸೆ ಅದ ಅಂದಿ. ನೋಡು, ಆದ್ರ ಗೈಡ್ ಇಲ್ಲದ ಬ್ಯಾಡ. ಕೇಬಲ್ ಕಾರ್ 2,500 ಮೀಟರ್‌ತನಕ ಒಯ್ತದ, ಅದರ ಮ್ಯಾಲೆ ಎಲ್ಲಿತನಕ ಬಿಡ್ತಾರ ಅನ್ನೋದು ಗುಡ್ಡದ ಮೂಡ್ ನೋಡಿ ಬದಲಾಗ್ತದ, ಬಂದ್ ಅಂದ್ರ ಬಂದ್. ರೀಲ್ಸ್ ಸಲುವಾಗಿ ಹಗ್ಗ ದಾಟಿ ಹೋಗೋ ಮಂದಿ ನೋಡಿದ್ರ ನನಗ ಸಿಟ್ಟು ಬರ್ತದ, ಅವರನ್ನ ಹುಡುಕ್ಲಿಕ್ಕೆ ಹೋಗೋರೂ ಯಾರದೋ ಮಕ್ಳ ಅಲ್ಲೇನು.

ಕಡೀಕ ಟಿಕೆಟ್. ಬೂದಿ ಮೋಡ ಎದ್ರ ಕತಾನಿಯಾ ಏರ್‌ಪೋರ್ಟ್ ಬಂದ್ ಮಾಡ್ತಾರ, 2024ರ ಜುಲೈ 5ಕ್ಕೂ ಹಂಗ ಆತು, ಆವಾಗ ವಿಮಾನ ಸಿಸಿಲಿಯ ಬ್ಯಾರೆ ಏರ್‌ಪೋರ್ಟಿಗೆ, ಪಲೆರ್ಮೋಕ್ಕೋ ಕೋಮಿಸೋಕ್ಕೋ ತಿರುಗಿಸ್ತಾರ, ಅಲ್ಲಿಂದ ಬಸ್ಸಿನಾಗ ಬರಬೇಕು. ಮುಂಬೈಯಿಂದ ಕತಾನಿಯಾತನಕ ಒಂದೇ ಟಿಕೆಟ್ ತಗೋ, ಬಿಡಿ ಬಿಡಿ ತಗೊಂಡ್ರ ನಡುವ ಸಿಕ್ಕಿಬಿದ್ರ ಯಾರೂ ಜವಾಬ್ದಾರಿ ತಗೊಳ್ಳಂಗಿಲ್ಲ. ಕೆಲಸಕ್ಕ ಹಾಜರಾಗೋ ದಿನಕ್ಕಿಂತ ಎರಡು ಮೂರು ದಿನ ಮೊದ್ಲ ಮುಟ್ಟು, ಒರಿಜಿನಲ್ ಕಾಗದ, ಔಷಧ ಎಲ್ಲಾ ಕೈಚೀಲದಾಗ. ಬುಕ್ ಮಾಡೋಕಿಂತ ಮೊದ್ಲ ನನಗ ಕಳಸು, ನೋಡ್ತೀನಿ. ಐತವಾರ ಸಂಜೀಕ ನಿಮ್ಮ ಮನಿ ಕಡೆ ಬರ್ತೀನಿ, ಅವ್ವಾರಿಗೆ ಏನೇನು ಕೇಳೋದದ ಎಲ್ಲಾ ಬರದಿಟ್ಕೋಳ್ಳಿಕ್ಕೆ ಹೇಳು.