ಮುಟ್ಟಿನ ನೋವಿಗೆ ಕೊಟ್ಟ ಮಾತ್ರೆಯಿಂದ ಎಂಡೊಮೆಟ್ರಿಯೋಸಿಸ್ ಬರುತ್ತದೆಯೇ?

ಮಗಳಿಗೆ 19 ವರ್ಷ, ಮುಟ್ಟಿನ ನೋವಿಗೆ ಡಾಕ್ಟರು ಗರ್ಭನಿರೋಧಕ ಮಾತ್ರೆ ಬರೆದಿದ್ದಾರೆ, ಅದರಿಂದ ಮುಂದೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಬರುತ್ತದಂತೆ, ನಿಲ್ಲಿಸಲೇ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ಆ ಮಾತ್ರೆಯನ್ನೂ ನುಂಗಿದ್ದೇನೆ, ಆ ಕಾಯಿಲೆಯನ್ನೂ ಅನುಭವಿಸಿದ್ದೇನೆ.

ನನಗೆ ನೋವು ಶುರುವಾಗಿದ್ದು 16ಕ್ಕೆ. ಮೊದಲೆರಡು ದಿನ ಹಾಸಿಗೆ ಬಿಟ್ಟು ಏಳಲು ಆಗುತ್ತಿರಲಿಲ್ಲ, ವಾಂತಿ ಬೇರೆ. "ಮದುವೆ ಆದ್ರೆ ಎಲ್ಲಾ ಸರಿಹೋಗುತ್ತೆ" ಅಂತ ಅಜ್ಜಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. 17ಕ್ಕೆ ಮಾತ್ರೆ ಕೊಟ್ಟರು, ನೋವು ತಗ್ಗಿತು. 24ಕ್ಕೆ ಬಿಟ್ಟೆ. ಎರಡು ವರ್ಷದೊಳಗೆ ನೋವು ವಾಪಸ್. ಲ್ಯಾಪ್ರೋಸ್ಕೋಪಿ ಮಾಡಿದಾಗ, ಅಂದರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡಿದಾಗ, ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಸಿಕ್ಕಿತು, ಎಂಡೊಮೆಟ್ರಿಯೋಸಿಸ್‌ನಿಂದ ಆಗುವ ಚೀಲದಂಥ ಗಂಟು. ಒಳಗೆ ಸೇರಿದ ಹಳೇ ರಕ್ತ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದಕ್ಕೇ ಆ ಹೆಸರು. ಆಗ ನಾನೂ ಮಾತ್ರೆಯನ್ನೇ ಬೈದೆ.

ಆಮೇಲೆ ಕೂತು ಓದಿದೆ. 2011ರಲ್ಲಿ ಇಟಲಿಯ ವೆರ್ಚೆಲ್ಲಿನಿ ಮತ್ತವರ ತಂಡ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿತ್ತು. ಮಾತ್ರೆ ತೆಗೆದುಕೊಳ್ಳುತ್ತಿರುವವರಲ್ಲಿ ಈ ಕಾಯಿಲೆ ಸುಮಾರು 37% ಕಡಿಮೆ. ತೆಗೆದುಕೊಂಡು ಬಿಟ್ಟವರಲ್ಲಿ ಸುಮಾರು 21% ಜಾಸ್ತಿ. ಈ ಎರಡನೇ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿಯೂ ಬಂದಿರಬಹುದು, ಅಷ್ಟು ಗಟ್ಟಿಯಲ್ಲ. ನಿಮಗೆ ಯಾರೋ ಹೇಳಿದ್ದು ಬಹುಶಃ ಇದನ್ನೇ.

ಈಗ ನನ್ನನ್ನು ಆ ಲೆಕ್ಕಕ್ಕೆ ಸೇರಿಸಿ ನೋಡಿ. ಮಾತ್ರೆ ಬಿಟ್ಟವಳು, ಕಾಯಿಲೆ ಇರುವವಳು. ಮಾತ್ರೆಯದೇ ತಪ್ಪು ಅನ್ನಿಸುತ್ತದೆ, ಅಲ್ವಾ? ಆದರೆ ನೋವು ಬಂದಿದ್ದು ಮೊದಲು, ಮಾತ್ರೆ ಬಂದಿದ್ದು ಆಮೇಲೆ. ಕಾಯಿಲೆ ಆಗಲೇ ಒಳಗೆ ಇದ್ದಿರಬೇಕು. ಆ 37%ನ್ನೂ ನಾನು ಪೂರ್ತಿ ನಂಬುವುದಿಲ್ಲ. ಮಾತ್ರೆಯಿಂದ ನೋವೇ ಇಲ್ಲದಿದ್ದರೆ, ಕಾಯಿಲೆ ಇದೆಯೇ ಅಂತ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡುವವರು ಯಾರು? ಇದೂ ಇರಬಹುದು ಅಂತ ಆ ತಂಡವೇ ಬರೆದಿದೆ.

ತಮಾಷೆ ಅಂದರೆ, ಆಪರೇಷನ್ ಆದಮೇಲೆ ಸಿಸ್ಟ್ ಮತ್ತೆ ಬರದಿರಲಿ ಅಂತ ನನಗೆ ಕೊಟ್ಟಿದ್ದೂ ಅದೇ ಮಾತ್ರೆ. ಈ ಸಲ ಗ್ಯಾಪ್ ಕೊಡದೆ, ಸ್ಟ್ರಿಪ್ ಮುಗಿದ ಹಾಗೆ ಇನ್ನೊಂದು.

ಹಾಗಾಗಿ ಈ ಭಯಕ್ಕೆ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಬೇಕಾದ್ದು ಬೇರೆ ಇದೆ. ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿತ್ತೇ, ಮಗಳಿಗೆ ಬಿ.ಪಿ. ಇದೆಯೇ, ಕಣ್ಣೆದುರು ಬೆಳಕು ಮಿನುಗಿ ಆಮೇಲೆ ತಲೆನೋವು ಬರುವ ಮೈಗ್ರೇನ್ ಇದೆಯೇ. ಇವು ಇದ್ದರೆ ಈಸ್ಟ್ರೋಜನ್ ಇರುವ ಮಾತ್ರೆ ಆಗಿಬರದೆ ಇರಬಹುದು.

ಇನ್ನೊಂದು, ನನ್ನ ವಿಷಯದಲ್ಲಿ ಯಾರೂ ಮಾಡದಿದ್ದದ್ದು. ನೋವು ಕಡಿಮೆಯಾಯಿತು ಅಂತ ವಿಷಯ ಅಲ್ಲಿಗೇ ಬಿಡಬೇಡಿ. ಮೂರು ತಿಂಗಳು ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ದಿನ ಗುರುತು ಹಾಕಿ, ಮಲ ವಿಸರ್ಜನೆ ಮಾಡುವಾಗ ನೋಯುತ್ತದೆಯೇ ಅಂತಲೂ ಮಗಳನ್ನು ಕೇಳಿ. ಅದನ್ನು ಡಾಕ್ಟರ ಮುಂದಿಟ್ಟು, "ಇದು ಎಂಡೊಮೆಟ್ರಿಯೋಸಿಸ್ ಇರಬಹುದಾ?" ಅಂತ ನೇರವಾಗಿ ಕೇಳಿ. ಸ್ಕ್ಯಾನಿಂಗ್ ನಾರ್ಮಲ್ ಬಂದರೂ ಕೇಳಿ. ನನ್ನದೂ ನಾರ್ಮಲ್ಲೇ ಬಂದಿತ್ತು.