ಕೋಕೋಗೆ ಅಡುಗೆ ಸೋಡಾ ಹಾಕಬೇಡಿ, ಕಪ್ಪಾದಷ್ಟೂ ಒಳ್ಳೆಯದು ಅನ್ನೋದು ಸುಳ್ಳು

ಮೇಡಂ, ನಿಮ್ಮ ಪೋಸ್ಟ್ ನೋಡಿದೆ. ನ್ಯಾಚುರಲ್ (ಕ್ಷಾರ ಸೇರಿಸದ) ಕೋಕೋ ಪುಡಿ ಕಹಿ, ಒಗರು ಅಂತ ಬಿಸಿ ಕೋಕೋಗೆ ಚಿಟಿಕೆ ಸೋಡಾ ಹಾಕಿದ್ದೀರಿ. ಬಣ್ಣ ಕಡುಗಪ್ಪು ಬಂತು, ಈಗ ಇನ್ನೂ ಪೌಷ್ಟಿಕ ಅಂತಲೂ ಬರೆದಿದ್ದೀರಿ. ಕೆಳಗೆ ನಾಲ್ಕೈದು ಜನ ನಾವೂ ಹಾಗೇ ಮಾಡ್ತೀವಿ ಅಂದಿದ್ದಾರೆ. ದಯವಿಟ್ಟು ನಿಲ್ಲಿಸಿ. ನಾನೂ ಬಹಳ ಕಾಲ ಹೀಗೇ ಕುಡೀತಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ನಾಲಿಗೆ ಹಿಡಿಯುವ ಆ ಒಗರೇ ಫ್ಲಾವನಾಲ್, ಅಂದರೆ ಹೃದಯಕ್ಕೆ ಒಳ್ಳೆಯದು ಅಂತ ಹೇಳುವ ಕೋಕೋದ ಪದಾರ್ಥ. ನೀವು ಕೋಕೋ ಕುಡಿಯುತ್ತಿರುವುದೇ ಅದಕ್ಕಾಗಿ ಅಲ್ವಾ? ಸೋಡಾ ಕ್ಷಾರ. ಕ್ಷಾರ ತಗುಲಿದರೆ ಫ್ಲಾವನಾಲ್ ಹಾಳಾಗುತ್ತದೆ, ಒಗರು ಹೋಗುತ್ತದೆ, ಬಣ್ಣ ಕಪ್ಪಾಗುತ್ತದೆ. ಮೂರೂ ಒಟ್ಟಿಗೇ ಆಗುವ ಕೆಲಸ. ಕಾರ್ಖಾನೆಯಲ್ಲಿ ಮಾಡುವ 'ಡಚ್ ಪ್ರೋಸೆಸ್' ಅನ್ನೋದೂ ಇದೇ. 1828ರಲ್ಲಿ ಹಾಲೆಂಡಿನ ವ್ಯಾನ್ ಹೌಟನ್ ಮನೆಯವರು ಕೋಕೋದಿಂದ ಬೆಣ್ಣೆ (ಅದರ ಕೊಬ್ಬು) ಹಿಂಡುವ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡರು. ಉಳಿದ ಪುಡಿ ನೀರಲ್ಲಿ ಚೆನ್ನಾಗಿ ಬೆರೆಯಲಿ, ರುಚಿ ಮೆತ್ತಗಾಗಲಿ ಅಂತ ಕ್ಷಾರ ಸೇರಿಸುವ ಪದ್ಧತಿಯೂ ಅವರಿಂದಲೇ ಬಂತು. 2008ರಲ್ಲಿ ಮಾರುಕಟ್ಟೆಯ ಪುಡಿಗಳನ್ನು ಪರೀಕ್ಷಿಸಿದಾಗ ನ್ಯಾಚುರಲ್ ಪುಡಿಯ ಒಂದು ಗ್ರಾಂನಲ್ಲಿ ಸರಾಸರಿ 34.6 ಮಿಲಿಗ್ರಾಂ ಫ್ಲಾವನಾಲ್ ಸಿಕ್ಕಿತು. ಸ್ವಲ್ಪ ಕ್ಷಾರ ಹಾಕಿದ್ದರಲ್ಲಿ 13.8. ಜಾಸ್ತಿ ಹಾಕಿದ್ದರಲ್ಲಿ ಬರೀ 3.9.

ಡಬ್ಬದ ಹಿಂದೆ ಓದಿ. ಆಸಿಡಿಟಿ ರೆಗ್ಯುಲೇಟರ್ 500, 501, 524, 525 ಇವುಗಳಲ್ಲಿ ಯಾವುದಿದ್ದರೂ ಕ್ಷಾರ ಹಾಕಿದ ಪುಡಿ. ಮುಂದುಗಡೆ 'ಡಾರ್ಕ್', 'ರಿಚ್' ಅಂತ ಬರೆದಿದ್ದಕ್ಕೆ ಬೆಲೆ ಕೊಡಬೇಡಿ. ಹರ್ಷೀಸ್ ಬ್ರಾಂಡ್‌ನಲ್ಲಿ ಸಾದಾ ನ್ಯಾಚುರಲ್ ಪುಡಿ ಕುಡಿಯೋಕೆ ಸರಿ, ಅದರದ್ದೇ ಸ್ಪೆಷಲ್ ಡಾರ್ಕ್‌ನಲ್ಲಿ ಕ್ಷಾರ ಹಾಕಿದ ಪುಡಿ ಬೆರೆತಿದೆ. ಡ್ರೋಸ್ಟೆ ಬ್ರಾಂಡಿನ ಪುಡಿ ಕೇಕಿಗೆ ನನಗೆ ತುಂಬಾ ಇಷ್ಟ, ಆದರೆ ಅದೂ ಕ್ಷಾರ ಹಾಕಿದ್ದೇ. ರುಚಿಗೆ ತಿನ್ನಿ, ಔಷಧಿ ಅಂತ ತಿನ್ನಬೇಡಿ.

ಹಾಗಾದರೆ ಕಹಿಗೆ ಏನು ಮಾಡೋದು? ನೊರೆ ಬರಿಸಿ. ಮಧ್ಯ ಅಮೆರಿಕದ ಹಳೆಯ ಮಾಯಾ, ಅಜ್ಟೆಕ್ ಜನ ಸಕ್ಕರೆಯ ಮುಖವನ್ನೇ ನೋಡದೆ ಇದನ್ನು ಕುಡಿಯುತ್ತಿದ್ದರು. ಮೆಣಸಿನಕಾಯಿ, ಮೆಕ್ಕೆಜೋಳದ ಹಿಟ್ಟು ಸೇರಿಸಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಹುಯ್ದು ನೊರೆ ಎಬ್ಬಿಸುತ್ತಿದ್ದರು. ಸಕ್ಕರೆ ಸೇರಿದ್ದು ಸ್ಪೇನಿನವರ ಕೈಗೆ ಹೋದ ಮೇಲೆ. ಬೀಜದ ಬಳಕೆ ಮಾಯಾಗಳಿಗಿಂತಲೂ ಬಹಳ ಹಳೆಯದು. ಈಕ್ವೆಡಾರ್‌ನ ಸಾಂತಾ ಆನಾ ಲಾ ಫ್ಲೋರಿಡಾದಲ್ಲಿ ಸಿಕ್ಕ ಮಡಕೆಗಳಲ್ಲಿ ಸುಮಾರು 5,300 ವರ್ಷ ಹಿಂದಿನ ಕೋಕೋ ಗುರುತು ಸಿಕ್ಕಿದೆ. ಅಷ್ಟು ಕಾಲದಿಂದ ಜನ ಕುಡಿದ ಪಾನೀಯ, ಸೋಡಾ ಬೇಕಾಗಿರಲಿಲ್ಲ.

ನಾನು ಮಾಡೋದು ಹೀಗೆ. ಒಂದು ದೊಡ್ಡ ಚಮಚ ಪುಡಿ, ಸುಮಾರು 5 ಗ್ರಾಂ. ಮೊದಲು ಎರಡೇ ಚಮಚ ಬಿಸಿನೀರು. ಗಂಟಿಲ್ಲದೆ ಕಲಸಿ ಐದು ನಿಮಿಷ ಸುಮ್ನೆ ಬಿಡಿ. ಮಂಕಾಗಿದ್ದ ಪೇಸ್ಟ್ ಹೊಳೆಯೋಕೆ ಶುರುವಾಗುತ್ತದೆ, ವಾಸನೆ ಏಳುತ್ತದೆ. ಈ ಐದು ನಿಮಿಷ ಕಾಯದಿದ್ದರೆ ಕಪ್‌ನ ತಳದಲ್ಲಿ ಮರಳು ಕೂತ ಹಾಗೆ ಪುಡಿ ಕೂರುತ್ತದೆ. ಆಮೇಲೆ ಉಳಿದ ಬಿಸಿನೀರು ಅಥವಾ ಹಾಲು, ಉಗುರಿನ ತುದಿಯಷ್ಟು ಉಪ್ಪು. ಹೌದು, ಉಪ್ಪು. ಕಹಿ ತಗ್ಗಿಸೋಕೆ ಅಷ್ಟು ಸಾಕು, ಉಪ್ಪಿನ ರುಚಿ ಗೊತ್ತಾಗಬಾರದು. ಕೊನೆಗೆ ಎತ್ತರದಿಂದ ಹುಯ್ಯಿರಿ, ಇಲ್ಲವೇ ಕಡೆಯಿರಿ. ನೊರೆ ಗಟ್ಟಿಯಾದಷ್ಟೂ ಒಗರು ನಾಲಿಗೆಗೆ ಕಡಿಮೆ ತಾಗುತ್ತದೆ.

ಪುಡಿಯಲ್ಲಿ ಬೇರೆಯದೂ ಇದೆ. 100 ಗ್ರಾಂಗೆ ಮೆಗ್ನೀಸಿಯಂ ಸುಮಾರು 500 ಮಿಲಿಗ್ರಾಂ, ಕಬ್ಬಿಣ 14ರ ಹತ್ತಿರ, ಮೂರನೇ ಒಂದು ಭಾಗ ನಾರು. ಆದರೆ ಯಾರೂ 100 ಗ್ರಾಂ ತಿನ್ನಲ್ಲ. 5 ಗ್ರಾಂ ಕುಡಿದರೆ 25 ಮಿಲಿಗ್ರಾಂ ಮೆಗ್ನೀಸಿಯಂ, ಅಷ್ಟೇ. ಕಬ್ಬಿಣ ಇದೆ ಅಂತ ಊಟದ ಜೊತೆ ಕುಡಿಯೋದೂ ತಪ್ಪು. ಇದೇ ಫ್ಲಾವನಾಲ್ ಜಾತಿಯ ಪದಾರ್ಥಗಳು ಊಟದ ಕಬ್ಬಿಣವನ್ನು ಮೈಗೆ ಹತ್ತದ ಹಾಗೆ ಹಿಡಿದಿಡುತ್ತವೆ. ಊಟಕ್ಕೂ ಕೋಕೋಗೂ ಅಂತರ ಇರಲಿ. ರಾತ್ರಿ ಮಕ್ಕಳಿಗೂ ಕೊಡಬೇಡಿ, ಕೆಫೀನ್ ಇದೆ. ನಾಯಿಗಂತೂ ಒಂದು ತುಂಡೂ ಬೇಡ, ಕೋಕೋದಲ್ಲಿರುವ ಥಿಯೋಬ್ರೊಮಿನ್ ಅದಕ್ಕೆ ವಿಷ.

ಬಿಪಿ ಮಾತ್ರೆ ಬಿಟ್ಟು ಕೋಕೋ ಕುಡೀತೀನಿ ಅಂದವರಿಗೆ ಕೈ ಮುಗಿದು ಹೇಳ್ತೀನಿ, ಬೇಡ. 2022ರಲ್ಲಿ ಪ್ರಕಟವಾದ ಅಮೆರಿಕದ ಕಾಸ್ಮಾಸ್ ಎಂಬ ಪ್ರಯೋಗದಲ್ಲಿ 21 ಸಾವಿರಕ್ಕೂ ಹೆಚ್ಚು ಜನರಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲಾವನಾಲ್ ಕ್ಯಾಪ್ಸೂಲ್ ರೂಪದಲ್ಲಿ ಕೊಟ್ಟರು. ಹೃದಯದ ಒಟ್ಟು ತೊಂದರೆಗಳು ಖಚಿತವಾಗಿ ಕಡಿಮೆಯಾದವು ಅನ್ನುವಷ್ಟು ವ್ಯತ್ಯಾಸ ಬರಲಿಲ್ಲ. ಹೃದಯದ ಕಾಯಿಲೆಯಿಂದ ಸತ್ತವರು ಮಾತ್ರ ಆ ಗುಂಪಿನಲ್ಲಿ ಕಡಿಮೆ. ಆಸೆ ಇಟ್ಟುಕೊಳ್ಳಬಹುದು, ಬಿಪಿ ಮಾತ್ರೆ ಬಿಡೋ ಹಾಗಿಲ್ಲ.

70 ಪರ್ಸೆಂಟ್ ಕೋಕೋ ಇರುವ ಚಾಕೊಲೇಟ್ ತಿಂದರೆ ಸಾಕಲ್ವಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಆ 70ರಲ್ಲಿ ಕೋಕೋ ಬೆಣ್ಣೆಯೂ ಸೇರಿದೆ. ಬೆಣ್ಣೆಯಲ್ಲಿ ಫ್ಲಾವನಾಲ್ ಇಲ್ಲ. ಒಂದು ಬಾರ್‌ನಲ್ಲಿ ಬೆಣ್ಣೆ ಜಾಸ್ತಿ, ಇನ್ನೊಂದರಲ್ಲಿ ಪುಡಿಯಂಶ ಜಾಸ್ತಿ, ಎರಡರ ಮೇಲೂ 70 ಅಂತಲೇ ಇರುತ್ತದೆ. ಜೊತೆಗೆ 100 ಗ್ರಾಂಗೆ 600ರ ಹತ್ತಿರ ಕ್ಯಾಲೊರಿ. ದಿನಕ್ಕೆ ಎರಡು ತುಂಡು ಸಾಕು. ಒಂದೇ ಬ್ರಾಂಡ್‌ಗೆ ಅಂಟಿಕೊಳ್ಳಬೇಡಿ. ಕೆಲವು ಕಡೆಯ ಮಣ್ಣಿನಿಂದ ಬೀಜಕ್ಕೆ ಕ್ಯಾಡ್ಮಿಯಂ ಎಂಬ ವಿಷದ ಲೋಹ ಸೇರುತ್ತದೆ, ಅದಕ್ಕೇ ಯುರೋಪಿನಲ್ಲಿ 2019ರಿಂದ ಮಿತಿ ಹಾಕಿದ್ದಾರೆ.

ಕೋಕೋ ಬೀಜ ತರಿಸಿ ಮನೆಯಲ್ಲೇ ಹುರಿಯುವವರು ಮೊದಲು ನಾಲ್ಕು ಬೀಜ ಉದ್ದಕ್ಕೆ ಸೀಳಿ ನೋಡಿ. ಒಳಗೆ ಸ್ಲೇಟಿನ ಬಣ್ಣ, ಗಟ್ಟಿ ಇದ್ದರೆ ಹುದುಗೇ ಬಂದಿಲ್ಲ. ನೇರಳೆ ಇದ್ದರೆ ಅರ್ಧಂಬರ್ಧ. ಕಂದು ಬಣ್ಣ, ಒಳಗೆಲ್ಲ ಬಿರುಕು ಇದ್ದರೆ ಸರಿಯಾಗಿ ಹುದುಗಿದೆ. ಹುದುಗದ ಬೀಜದಲ್ಲಿ ಫ್ಲಾವನಾಲ್ ಜಾಸ್ತಿ ಇರೋದು ನಿಜ, ಆದರೆ ಎಷ್ಟು ಹುರಿದರೂ ಅದಕ್ಕೆ ಚಾಕೊಲೇಟ್ ಪರಿಮಳ ಬರಲ್ಲ. ನನ್ನ ಮತ ಹುದುಗಿಸಿದ್ದಕ್ಕೇ.

ಮನೆಯಲ್ಲಿರುವ ಪುಡಿ ಯಾವುದು ಅಂತ ಡೌಟ್ ಇದ್ದರೆ ಸೋಡಾ ಇಲ್ಲಿ ಬಳಸಿ. ಒಂದು ಚಮಚ ಪುಡಿಯನ್ನು ಬೆಚ್ಚಗಿನ ನೀರಲ್ಲಿ ಕಲಸಿ ಚಿಟಿಕೆ ಸೋಡಾ ಉದುರಿಸಿ. ಬುರಬುರ ಗುಳ್ಳೆ ಎದ್ದು ಕೆಂಪುಕಂದು ಬಣ್ಣ ಕಪ್ಪಿಗೆ ತಿರುಗಿದರೆ ನ್ಯಾಚುರಲ್. ಏನೂ ಆಗದೆ ಕೂತರೆ ಮೊದಲೇ ಕ್ಷಾರ ಕುಡಿದಿರುವ ಪುಡಿ. ಅದನ್ನು ಕೇಕಿಗೆ ಎತ್ತಿಡಿ, ಬೇಕಿಂಗ್ ಪೌಡರ್ ಜೊತೆ ಬಳಸಿ. ಬರೀ ಸೋಡಾ ಹಾಕಿದರೆ ಅದರ ಜೊತೆ ಕೇಕ್ ಉಬ್ಬಲ್ಲ. ಮೇಡಂ, ನಿಮ್ಮ ಡಬ್ಬದ ಹಿಂಭಾಗದ ಫೋಟೋ ಹಾಕಿ, ನೋಡಿ ಹೇಳ್ತೀನಿ.