ಹೂದೋಟ: ಮರುಭೂಮಿಯಲ್ಲಿ ಹಮ್ಮಿಂಗ್‌ಬರ್ಡ್‌ಗೆ ಹೂಗಿಡ

ಪ್ರಶ್ನೆ: ನಾವಿರುವುದು ಅಮೆರಿಕದ ಅರಿಜೋನಾದ ಫೀನಿಕ್ಸ್‌ನಲ್ಲಿ. ಗಾಳಿಯಲ್ಲೇ ನಿಂತು ಮಕರಂದ ಹೀರುವ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್ ಬರಲೆಂದು ಮೇ ತಿಂಗಳಲ್ಲಿ ಗುಂಡಿಗೆ ಅರ್ಧ ಕಾಂಪೋಸ್ಟ್ ತುಂಬಿ ಪೆನ್‌ಸ್ಟೆಮನ್, ಸಾಲ್ವಿಯಾ ನೆಟ್ಟೆವು. ದಿನಾ ನೀರು ಹಾಕಿದರೂ ಪೆನ್‌ಸ್ಟೆಮನ್ ಬುಡ ಕಪ್ಪಾಗಿ ಸತ್ತಿತು, ಸಾಲ್ವಿಯಾದ ಎಲೆ ಹಳದಿಯಾಗಿದೆ. ಬರ ತಾಳುವ ಗಿಡಗಳಿಗೇ ಹೀಗೇಕೆ?

ಉತ್ತರ: ದಿನಾ ನೀರು ಹಾಕಿದ್ದೇ ಮುಳುವಾಗಿದೆ. ಈ ಗಿಡಗಳ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಸುತ್ತ ಗಟ್ಟಿ ಮಣ್ಣು, ನಡುವೆ ಕಾಂಪೋಸ್ಟ್ ಇದ್ದರೆ ಗುಂಡಿ ಬೋಗುಣಿಯಂತೆ ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ಬುಡ ಕೊಳೆಯುತ್ತದೆ. ಸಾಲ್ವಿಯಾದ ಎಳೆ ಎಲೆ ನೋಡಿ. ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾಗಿದ್ದರೆ ಕಬ್ಬಿಣದ ಕೊರತೆ. ಅಲ್ಲಿನ ಸುಣ್ಣದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ, ನೀರು ಹೆಚ್ಚಾದಷ್ಟೂ ಕೊರತೆ ಬಲಿಯುತ್ತದೆ. ಗೊಬ್ಬರಕ್ಕೆ ಕೈಹಾಕುವ ಮೊದಲು ನೀರು ಕಡಿಮೆ ಮಾಡಿ.

ಮತ್ತೆ ನೆಡುವುದು ಅಕ್ಟೋಬರ್, ನವೆಂಬರಿನಲ್ಲಿರಲಿ. ಬಿಸಿಲು ಏರುವಷ್ಟರಲ್ಲಿ ಬೇರು ಇಳಿದಿರುತ್ತದೆ. ಗುಂಡಿ ಬೇರಿನ ಹೆಂಟೆಯಷ್ಟೇ ಆಳ, ಅಗಲ ಮಾತ್ರ ಅದರ ಮೂರು ಪಟ್ಟು. ಮೊದಲು ಗುಂಡಿಗೆ ನೀರು ತುಂಬಿ. ಮರುದಿನವೂ ನಿಂತಿದ್ದರೆ ಕೆಳಗೆ ಸುಣ್ಣದ ಗಟ್ಟಿ ಪದರವಿದೆ. ಅದನ್ನು ಒಡೆಯಿರಿ, ಇಲ್ಲವೇ ಜಾಗ ಬದಲಿಸಿ. ತೆಗೆದ ಮಣ್ಣನ್ನೇ ಮುಚ್ಚಿ, ಕಾಂಪೋಸ್ಟ್ ಬೇಡ. ನೀರು ಹಾಯಿಸಿದ ಮೇಲೆ ಕಬ್ಬಿಣದ ಸರಳನ್ನು ಒತ್ತಿ ನೋಡಿ: ಒಂದಡಿ ಸಲೀಸಾಗಿ ಇಳಿದರೆ ಸಾಕು. ಮುಂದಿನ ನೀರು ಮಣ್ಣು ಒಣಗಿದ ಮೇಲೆಯೇ.

ಫೀನಿಕ್ಸ್‌ನಲ್ಲಿ ಆನಾ ಎಂಬ ಜಾತಿಯ ಹಮ್ಮಿಂಗ್‌ಬರ್ಡ್ ವರ್ಷವಿಡೀ ಇರುವುದರಿಂದ ಹೂವಿನ ಸರದಿ ತಪ್ಪಬಾರದು. ಚಳಿಗಾಲ, ವಸಂತಕ್ಕೆ ಚುಪರೋಸಾ (ನಮ್ಮ ಆಡುಸೋಗೆಯ ಕುಲದ್ದೇ) ಮತ್ತು ಪೆನ್‌ಸ್ಟೆಮನ್, ಬೇಸಿಗೆಗೆ ರೆಡ್ ಯುಕ್ಕಾ, ವಸಂತಕ್ಕೂ ಶರತ್ಕಾಲಕ್ಕೂ ಸಾಲ್ವಿಯಾ ಗ್ರೆಗಿ. ಸಾಲ್ವಿಯಾಕ್ಕೆ ಮಧ್ಯಾಹ್ನದ ನೆರಳು ಸಿಗಲಿ. ಹಿಮಕ್ಕೆ ಚುಪರೋಸಾದ ತುದಿ ಸುಟ್ಟರೆ ಚಳಿ ಕಳೆಯುವವರೆಗೆ ಸವರಬೇಡಿ, ಬುಡದಿಂದ ಚಿಗುರುತ್ತದೆ. ಪೆನ್‌ಸ್ಟೆಮನ್ ಕೆಲವೇ ವರ್ಷ ಬಾಳುವ ಗಿಡ. ಹೂ ಮುಗಿದೊಡನೆ ಕಡ್ಡಿ ಕತ್ತರಿಸದೆ ಬೀಜ ಒಣಗಿ ಉದುರಲು ಬಿಟ್ಟರೆ ತಾನೇ ಮರಿ ಹಾಕುತ್ತದೆ.

ಪ್ರಶ್ನೆ: ಮೈಸೂರಿನ ನಮ್ಮ ದಾಸವಾಳಕ್ಕೆ ಮಿರುಗುವ ಕಡುನೇರಳೆ ಬಣ್ಣದ ಪುಟ್ಟ ಹಕ್ಕಿ ಬರುತ್ತದೆ. ಹಮ್ಮಿಂಗ್‌ಬರ್ಡೇ?

ಉತ್ತರ: ಅಲ್ಲ, ಅದು ಸೂರಕ್ಕಿ. ಅಮೆರಿಕ ಖಂಡಗಳನ್ನು ಬಿಟ್ಟರೆ ಹಮ್ಮಿಂಗ್‌ಬರ್ಡ್ ಈಗ ಬೇರೆಲ್ಲೂ ಇಲ್ಲ. ಸೂರಕ್ಕಿ ಹೆಚ್ಚಾಗಿ ಕಡ್ಡಿಯ ಮೇಲೆ ಕುಳಿತೇ ಮಕರಂದ ಹೀರುವುದು, ಹಾಗಾಗಿ ಹೂವಿನ ಪಕ್ಕ ಕಾಲೂರಲು ಆಸರೆ ಇರಬೇಕು. ನೀರು ಕಡಿಮೆಯಿದ್ದರೆ ರಸೆಲಿಯಾ ನೆಡಿ. ಮಳೆಗಾಲದಲ್ಲಿ ಐದಾರು ಇಂಚಿನ ಕಡ್ಡಿ ಊರಿದರೆ ಬೇರು ಬಿಡುತ್ತದೆ.